ನಾಲಿಗೆ ಚಾಚಿದ ಆಕ್ರಮಣಕಾರರು

ಜಪಾನಿನ ಟೈಟೊ ಸಂಸ್ಥೆ 1978ರಲ್ಲಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ನಾಣ್ಯ ಹಾಕಿ ಆಡುವ ವಿಡಿಯೊ ಆಟ. ಪರದೆಯ ಮೇಲ್ಭಾಗದಲ್ಲಿ ಸಾಲಿಗೆ 11ರಂತೆ 5 ಸಾಲು, ಒಟ್ಟು 55 ಅನ್ಯಲೋಕದ ಜೀವಿಗಳು. ಅವು ಅತ್ತಿತ್ತ ಸರಿಯುತ್ತ, ಅಂಚು ತಲುಪಿದಾಗಲೆಲ್ಲ ಸ್ವಲ್ಪ ಕೆಳಗಿಳಿಯುತ್ತವೆ. ನೆಲ ಮುಟ್ಟುವ ಮೊದಲೇ ಆಟಗಾರ ಅವನ್ನು ಹೊಡೆದುರುಳಿಸಬೇಕು.

1995ರಲ್ಲಿ ಅದೇ ಸಂಸ್ಥೆ ತನ್ನ ಆಟವನ್ನು ತಾನೇ ಅಣಕಿಸಿತು. ಹೊರದೇಶಗಳಲ್ಲಿ ಇದರ ಹೆಸರು ‘ಸ್ಪೇಸ್ ಇನ್ವೇಡರ್ಸ್ 95’. ಜಪಾನಿನಲ್ಲಿ ‘ಅಕ್ಕನ್‌ಬೇಡಾ’ (ನಮ್ಮ ಕಿವಿಗೆ ಅಕ್ಕನೇ ಬೇಡ ಎಂದಂತೆ ಕೇಳುತ್ತದೆ!). ಕಣ್ಣಿನ ಕೆಳರೆಪ್ಪೆ ಎಳೆದು ನಾಲಿಗೆ ಚಾಚಿ ಅಣಕಿಸುವುದಕ್ಕೆ ಅಲ್ಲಿನ ಮಕ್ಕಳು ಹೇಳುವ ‘ಅಕ್ಕನ್‌ಬೆ’ ಎಂಬ ಪದವನ್ನು ‘ಇನ್ವೇಡರ್’ ಜೊತೆ ಹೆಣೆದ ಶ್ಲೇಷೆ ಇದು. ಬಣ್ಣಗಳು ಢಾಳಾಗಿವೆ, ಶತ್ರುಗಳು ಮುದ್ದಾಗಿವೆ. ಆದರೆ ಮೂಲ ಆಟದ ಭಯ ಇಲ್ಲಿಲ್ಲ. ಏಕೆ?

ಮುಖಗಳು ಮುದ್ದಾದವು ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಮೂಲದ ಜೀವಿಗಳೂ ಏಡಿ, ಆಕ್ಟೋಪಸ್, ಸ್ಕ್ವಿಡ್‌ಗಳ ಮಾದರಿಯವೇ. ಬಿಡಿಯಾಗಿ ನೋಡಿದರೆ ನಗು ಬರಿಸುವಂಥವು. ಭಯ ಹುಟ್ಟಿದ್ದು ಯಂತ್ರದ ದೌರ್ಬಲ್ಯದಿಂದ.

ಅದರಲ್ಲಿದ್ದದ್ದು ಸುಮಾರು 2 ಮೆಗಾಹರ್ಟ್ಸ್ ವೇಗದ ಇಂಟೆಲ್ 8080 ಮೈಕ್ರೊಪ್ರೊಸೆಸರ್. ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಹೊಸದಾಗುತ್ತದೆ. ಪ್ರತಿ ಬಾರಿಯೂ ಪ್ರೋಗ್ರ್ಯಾಮ್ ಒಂದೇ ಒಂದು ಜೀವಿಯನ್ನು ಸರಿಸುತ್ತದೆ. ಆದ್ದರಿಂದ 55 ಜೀವಿಗಳ ದಂಡು ಒಂದು ಹೆಜ್ಜೆ ಇಡಲು 55/60, ಅಂದರೆ ಸುಮಾರು 0.92 ಸೆಕೆಂಡು ಬೇಕು. ಹತ್ತು ಉಳಿದಾಗ ಸೆಕೆಂಡಿನ ಆರನೇ ಒಂದು ಭಾಗ. ಒಂದೇ ಉಳಿದರೆ ಅದು ಸೆಕೆಂಡಿಗೆ 60 ಹೆಜ್ಜೆ ಹಾಕುತ್ತದೆ! ಆಟಗಾರ ಗೆಲ್ಲುತ್ತಿದ್ದಂತೆ ಶತ್ರು ಚುರುಕಾಗುತ್ತಾನೆ. ಜೊತೆಗೆ ನಾಲ್ಕು ಸ್ವರಗಳ ಹಿನ್ನೆಲೆ ಸದ್ದೂ ಎದೆಬಡಿತದಂತೆ ಏರುತ್ತದೆ. ಆಟವನ್ನು ರೂಪಿಸಿದ ತೊಮೊಹಿರೊ ನಿಶಿಕಾಡೊ ಈ ಗುಣವನ್ನು ದೋಷವೆಂದು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಜಾಣತನ ಇರುವುದು ಇಲ್ಲಿ.

1995ರ ಆಟ ಓಡುವುದು ಟೈಟೊದ ‘ಎಫ್3’ ವ್ಯವಸ್ಥೆಯಲ್ಲಿ. ಅದರದ್ದು 32 ಬಿಟ್‌ನ ಮೊಟೊರೊಲಾ ಪ್ರೊಸೆಸರ್. ಚಲಿಸುವ ಚಿತ್ರಗಳನ್ನು ಮೂಡಿಸಲು ಪ್ರತ್ಯೇಕ ಯಂತ್ರಾಂಶವೂ ಉಂಟು. ಇಡೀ ದಂಡನ್ನು ಒಟ್ಟಿಗೆ ಸರಿಸುವುದು ಅದಕ್ಕೆ ಭಾರವಲ್ಲ. ಇಂಥ ಯಂತ್ರದಲ್ಲಿ ವೇಗ ತಾನಾಗಿ ಏರದು. ಬೇಕೆಂದರೆ ಪ್ರೋಗ್ರ್ಯಾಮಿನಲ್ಲಿ ನಿಯಮವಾಗಿ ಬರೆಯಬೇಕು. ಹೀಗೆ ಬಿಟ್ಟುಹೋದ ಜಾಗವನ್ನು ಈ ಆಟ ವೇಷಭೂಷಣಗಳಿಂದ ತುಂಬುತ್ತದೆ. ಮೂಲವನ್ನು ಆಡಿದವರಿಗೆ ನಗು ಬಂದೀತು. ಆಡದವರಿಗೆ ಇದು ಬರೀ ಬಣ್ಣದ ಗದ್ದಲ. ಕೊನಾಮಿ ಸಂಸ್ಥೆ ತನ್ನದೇ ‘ಗ್ರೇಡಿಯಸ್’ (1985) ಆಟವನ್ನು ಅಣಕಿಸಿದ ‘ಪ್ಯಾರೋಡಿಯಸ್’ (1988) ಈ ವಿಷಯದಲ್ಲಿ ಮೇಲು. ಅದು ಮೂಲದ ಶಸ್ತ್ರ ಆಯ್ಕೆಯ ಪದ್ಧತಿಯನ್ನು ಉಳಿಸಿಕೊಂಡೇ ನಗಿಸುತ್ತದೆ.

ಪ್ರೋಗ್ರ್ಯಾಮಿಂಗ್ ಕಲಿಯುವ ವಿದ್ಯಾರ್ಥಿಗಳು 55 ಚುಕ್ಕೆಗಳನ್ನು ಎರಡೂ ಬಗೆಯಲ್ಲಿ ಸರಿಸಿ ನೋಡಬಹುದು: ಒಮ್ಮೆ ಒಂದೊಂದಾಗಿ, ಇನ್ನೊಮ್ಮೆ ಎಲ್ಲವನ್ನೂ ಒಟ್ಟಿಗೆ. ಚುಕ್ಕೆಗಳಿಗೆ ಮುಖ ಬರೆಯುವ ಅಗತ್ಯವಿಲ್ಲ.