ಮೋಡದ ಮೇಲೆ ಓಡುವ ಬೂಟು

ಓಡುವ ಬೂಟುಗಳ ಹೆಸರುಗಳನ್ನು ಸಾಲಾಗಿ ಓದಿದರೆ ಭೂಗೋಳದ ಪಾಠ ಓದಿದ ಹಾಗಾಗುತ್ತದೆ. ಜಪಾನಿನ ಏಸಿಕ್ಸ್ ಕಂಪನಿಯ ಎರಡು ಹೆಸರಾಂತ ಬೂಟುಗಳು ನಿಂಬಸ್ ಮತ್ತು ಕ್ಯುಮುಲಸ್. ಸ್ವಿಟ್ಜರ್ಲೆಂಡಿನ ಆನ್ ಕಂಪನಿಯ ಬೂಟುಗಳಲ್ಲಿ ಹೆಚ್ಚಿನವಕ್ಕೆ ಹೆಸರು ಶುರುವಾಗುವುದೇ 'ಕ್ಲೌಡ್' ಎಂದು. ಇಪ್ಪತ್ತೆಂಟು ವರ್ಷದಿಂದ ಕನ್ನಡದ ಜೊತೆಗೆ ಸಮಾಜ ಪಾಠವನ್ನೂ ಹೇಳುತ್ತಿರುವ ನಾನು ವೃಷ್ಟಿ ಮೋಡ, ರಾಶಿ ಮೋಡಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅವು ಅಂಗಡಿಯ ಕಪಾಟಿನಲ್ಲಿ ಹತ್ತು ಸಾವಿರ ರೂಪಾಯಿಗೂ ಮೇಲಿನ ಬೆಲೆಚೀಟಿ ಕಟ್ಟಿಕೊಂಡು ಕೂತಿರುತ್ತವೆ ಎಂದು ಮಾತ್ರ ತಿಳಿದಿರಲಿಲ್ಲ.

"ಮೋಡದ ಮೇಲೆ ನಡೆದಂತೆ" ಎಂಬುದು ಈ ಜಾಹೀರಾತುಗಳ ಮೆಚ್ಚಿನ ಉಪಮೆ. ಬಾಬಾಬುಡನ್‌ಗಿರಿಯ ಬುಡದಲ್ಲಿ ಬದುಕುವವರಿಗೆ ಈ ಉಪಮೆ ಬೇರೆಯೇ ಅರ್ಥ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೋಡ ಕಿಟಕಿಯಿಂದ ಒಳಗೆ ಬಂದು ಹಾಜರಿ ಪುಸ್ತಕವನ್ನು ತೇವ ಮಾಡಿ ಹೋಗುತ್ತದೆ. ಮೋಡದಲ್ಲಿ ನಡೆಯುವುದೆಂದರೆ ಐದು ಮಾರು ಆಚೆಗೆ ಏನೂ ಕಾಣದಿರುವುದು, ಕಾಲಡಿಯ ಕಲ್ಲಿನ ಮೇಲೆ ಪಾಚಿ ಇರುವುದು, ಬೆರಳ ಸಂದಿಯಲ್ಲಿ ಇಂಬಳ ಇರುವುದು. ವಿಮಾನದ ಕಿಟಕಿಯಿಂದಷ್ಟೇ ಮೋಡ ನೋಡಿದವರು ಬರೆದ ಉಪಮೆ ಇದು. ಸಾಹಿತ್ಯದಲ್ಲಾಗಲಿ ಬೂಟಿನಲ್ಲಾಗಲಿ, ಬರೆದವನ ಕಾಲು ನೆಲದ ಮೇಲಿತ್ತೇ ಎಂದು ಮೊದಲು ಕೇಳಬೇಕು ಎನ್ನುವುದು ನನ್ನ ಹಳೆಯ ಚಾಳಿ.

ನಾನು ಬೂಟಿನ ಜಾಹೀರಾತು ಓದಲು ಕೂತದ್ದು ಒಬ್ಬ ಹುಡುಗಿಯ ಕಾರಣಕ್ಕೆ. ಒಂಬತ್ತನೇ ತರಗತಿ, ಅತ್ತಿಗುಂಡಿಯ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯವಳು, ತೂಕ 38 ಕೆಜಿ. ಹಿಂದಿನ ವರ್ಷ 3000 ಮೀಟರ್ ಓಟದಲ್ಲಿ ಬರಿಗಾಲಲ್ಲೇ ಓಡಿ ವಲಯಕ್ಕೆ ಮೊದಲು ಬಂದಳು, ತಾಲ್ಲೂಕಿಗೆ ನಾಲ್ಕನೆಯವಳು. ಈ ವರ್ಷ ಜಿಲ್ಲೆಗೆ ಹೋಗಲೇಬೇಕೆಂದು ನಮ್ಮ ಪಿ.ಟಿ. ಮೇಷ್ಟ್ರು ವಾರಕ್ಕೆ ಆರು ದಿನ, ದಿನಕ್ಕೆ 6 ಕಿಲೋಮೀಟರ್ ಅಭ್ಯಾಸ ಶುರುಮಾಡಿಸಿದರು. ಮಳೆಗಾಲದಲ್ಲಿ ಶಾಲೆಯ ಮೈದಾನ ಕೆರೆಯಾಗುವುದರಿಂದ ಓಟ ನಡೆದದ್ದು ಗಿರಿಗೆ ಹೋಗುವ ಟಾರು ರಸ್ತೆಯಲ್ಲಿ. ಏರುವಾಗ ಎದೆಗೆ ಕಷ್ಟ, ಇಳಿಯುವಾಗ ಮೂಳೆಗೆ. ಮೂರು ವಾರಕ್ಕೆ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ಮುಟ್ಟಿದರೆ ನೋಯತೊಡಗಿತು. ಡಾಕ್ಟರು ಎರಡು ವಾರ ಓಡಬೇಡವೆಂದರು, ಆಮೇಲೆ "ಮೆತ್ತನೆ ಶೂ ಹಾಕಿಸಿ" ಎಂದರು. ಯಾವ ಶೂ, ಎಷ್ಟು ಮೆತ್ತಗೆ ಎಂಬುದು ನಮ್ಮ ತಲೆಗೆ ಬಂತು. ಸಿಬ್ಬಂದಿ ಕೋಣೆಯಲ್ಲಿ ಕೂಡಿಸಿದ ಹಣ 3,000 ರೂಪಾಯಿ.

ಪಿ.ಟಿ. ಮೇಷ್ಟ್ರಿಗೆ ಬೂಟಿನ ಮೇಲೆ ನಂಬಿಕೆಯಿಲ್ಲ. "ಬಿಕಿಲ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ, ಮೇಡಂ. ನಮ್ಮ ಕಂಬಳದ ಶ್ರೀನಿವಾಸ ಗೌಡರು ಏನು ಹಾಕಿಕೊಂಡಿದ್ದರು?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಗೆದ್ದದ್ದು ನಿಜ. ಆದರೆ ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಓಡಿ, ರೋಮ್‌ಗಿಂತ ಮೂರು ನಿಮಿಷ ಮೊದಲೇ ಮುಗಿಸಿ ಮತ್ತೆ ಗೆದ್ದ. ಮೊದಲ ಕತೆಯನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಯಾರೂ ಹೇಳುವುದಿಲ್ಲ. ಅದರಲ್ಲಿ ರಸ ಕಡಿಮೆ. ಇನ್ನು ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಕೆಸರುಗದ್ದೆಯಲ್ಲಿ. ಅವರಿಗೆ ಬೂಟು ಯಾಕೆ ಬೇಕು? ಮೆತ್ತೆ ಗದ್ದೆಯಲ್ಲೇ ಇತ್ತು.

ನನಗೆ ವಿಷಯ ತಿಳಿಯಾದದ್ದು ಇಲ್ಲಿ. ಈ ಹುಡುಗಿಯ ಅಜ್ಜಿ ಜೀವಮಾನವೆಲ್ಲ ಬರಿಗಾಲಲ್ಲಿ ನಡೆದವರು. ಆದರೆ ಅವರು ನಡೆದದ್ದು ಸಿಲ್ವರ್ ಓಕಿನ ಎಲೆ ಬಿದ್ದು ಕೊಳೆತ ತೋಟದ ಕಾಲುದಾರಿಗಳಲ್ಲಿ. ಈಗ ಲೈನ್ ಮನೆಯ ಬಾಗಿಲವರೆಗೆ ಕಾಂಕ್ರೀಟು, ಅಲ್ಲಿಂದಾಚೆಗೆ ಟಾರು. ಬೇಡವೆಂದು ನಾನು ಹೇಳುವುದಿಲ್ಲ, ಬಸುರಿ ಹೆಂಗಸರನ್ನು ಕಂಬಳಿಯಲ್ಲಿ ಹೊತ್ತು ತಂದ ಕಾಲವನ್ನು ನಾನು ನೋಡಿದ್ದೇನೆ. ಆದರೆ ನೆಲದಿಂದ ತೆಗೆದ ಮೆತ್ತೆಯನ್ನು ಎಲ್ಲಾದರೂ ಒಂದು ಕಡೆ ವಾಪಸು ಇಡಬೇಕಲ್ಲ. ಅಮೆರಿಕದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ ಹಾಗೆ, ಬರಿಗಾಲಲ್ಲೇ ಬೆಳೆದವರು ಹೆಚ್ಚಾಗಿ ಮುಂಗಾಲೂರಿ ಇಳಿದು, ಹಿಮ್ಮಡಿಗೆ ಬೀಳುವ ಪೆಟ್ಟನ್ನು ತಾವೇ ತಗ್ಗಿಸಿಕೊಳ್ಳುತ್ತಾರೆ. ಈ ಹುಡುಗಿಯೂ ಹಾಗೆಯೇ ಓಡುತ್ತಾಳೆ. ಆದರೆ ದಿನಕ್ಕೆ 6 ಕಿಲೋಮೀಟರ್ ಎಂದರೆ ಸುಮಾರು 6,000 ಹೆಜ್ಜೆ. ಓಡುವಾಗ ಒಂದೊಂದು ಹೆಜ್ಜೆಯಲ್ಲೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಎರಡು ಮೂಟೆ ಕಾಫಿ. ಕಾಲು ಜಾಣ ಇರಬಹುದು, ಮೂಳೆಗೂ ಒಂದು ಮಿತಿಯಿದೆ.

ಹಾಗಾದರೆ ದಪ್ಪ ತಳದ ಬೂಟು ತಂದರೆ ಮುಗಿಯಿತಲ್ಲ ಎನ್ನಬಹುದು. ಬೂಟಿನ ಚರಿತ್ರೆಯೂ ಅದನ್ನೇ ಹೇಳುತ್ತ ಬಂದಿದೆ. 1970ರ ದಶಕದಲ್ಲಿ ತಳಕ್ಕೆ ಈವಿಎ ಎಂಬ ಗಾಳಿಗುಳ್ಳೆ ತುಂಬಿದ ನೊರೆರಬ್ಬರು ಬಂತು. ಆ ದಶಕದ ಕೊನೆಗೆ ನೈಕಿಯವರು ಗಾಳಿಚೀಲ ಇಟ್ಟರು. 1986ರಲ್ಲಿ ಏಸಿಕ್ಸ್‌ನವರು ಜೆಲ್ ತುಂಬಿದರು. 2009ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹೋಕಾ ಕಂಪನಿ ತಳವನ್ನು ಇಟ್ಟಿಗೆಯಷ್ಟು ಎತ್ತರಿಸಿತು. ಕೊನೆಗೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿಗೆ 40 ಮಿಲಿಮೀಟರಿಗಿಂತ ದಪ್ಪ ತಳ ಕೂಡದೆಂದು ಗೆರೆ ಎಳೆಯಬೇಕಾಯಿತು. (ಈ ಚರಿತ್ರೆಯಲ್ಲಿ ನನಗೆ ಇಷ್ಟವಾದದ್ದು ಒಂದೇ ಪ್ರಸಂಗ. ನೈಕಿಯ ಸಂಸ್ಥಾಪಕರಲ್ಲೊಬ್ಬರಾದ ಬಿಲ್ ಬೋವರ್‌ಮನ್ 1970ರ ದಶಕದ ಆರಂಭದಲ್ಲಿ, ಹಿಡಿತವಿರುವ ಅಟ್ಟೆ ಮಾಡಲು ಹೆಂಡತಿಯ ವಾಫಲ್ ಹಂಚಿಗೆ ರಬ್ಬರು ಹೊಯ್ದರಂತೆ. ನಮ್ಮ ಪಡ್ಡಿನ ಹಂಚಿನ ದೂರದ ನೆಂಟ ಅದು. ಅಟ್ಟೆಗೆ ಅವರ ಹೆಸರಾಯಿತು, ಹಂಚು ಹಾಳಾದದ್ದು ಬಾರ್ಬರಾ ಅವರದು.)

ಆದರೆ ದಪ್ಪ ಬೇರೆ, ಮೆತ್ತಗೆ ಬೇರೆ. 2018ರಲ್ಲಿ ಫಿನ್ಲೆಂಡಿನ ಸಂಶೋಧಕರು ಅಳೆದು ನೋಡಿದಾಗ ಅತಿ ದಪ್ಪ ಮೆತ್ತೆಯ ಬೂಟು ತೊಟ್ಟವರ ಕಾಲು ಬಿಗಿಯಾಗಿ, ನೆಲಕ್ಕೆ ಇಳಿಯುವ ಪೆಟ್ಟು ಕಡಿಮೆಯಾಗುವ ಬದಲು ಹೆಚ್ಚೇ ಆಗಿತ್ತು. ಅದೇ, 2020ರಲ್ಲಿ ಲಕ್ಸೆಂಬರ್ಗಿನಲ್ಲಿ 800ಕ್ಕೂ ಹೆಚ್ಚು ಓಟಗಾರರಿಗೆ ನೋಡಲು ಒಂದೇ ರೀತಿಯ, ಒಳಗೆ ಮೆದು ಮತ್ತು ಗಡಸು ಎಂಬ ಎರಡು ಬಗೆಯ ಬೂಟು ಹಂಚಿ ಆರು ತಿಂಗಳು ನೋಡಿದರು. ಗಡಸು ಬೂಟಿನವರಿಗೆ ಪೆಟ್ಟು ನೋವು ಹೆಚ್ಚು. ಮೆದು ಬೂಟಿನ ಲಾಭ ಎದ್ದು ಕಂಡದ್ದು ಹಗುರ ಮೈಯವರಲ್ಲಿ. "ದಪ್ಪ ಇರುವವರಿಗೆ ಮೆತ್ತಗಿನದು, ಸಣ್ಣಗಿರುವವರಿಗೆ ಯಾವುದಾದರೂ ನಡೆಯುತ್ತೆ" ಎಂದು ಅಂಗಡಿಯವರು ಹೇಳುವುದಕ್ಕೆ ಇದು ಸರಿ ಎದುರು. ಯೋಚಿಸಿದರೆ ಸಹಜವೇ: ಹಗುರ ಮೈ ಗಡಸು ತಳವನ್ನು ಅಮುಕಲಾರದು. ನಮ್ಮ 38 ಕೆಜಿಯವಳಿಗೆ ಬೇಕಾದದ್ದು ಅವಳ ತೂಕಕ್ಕೇ ಬಗ್ಗುವ ಮೆದು ತಳ, ಎತ್ತರದ ಪೀಠವಲ್ಲ.

ಇಷ್ಟು ತಿಳಿದುಕೊಂಡು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಅಂಗಡಿ ಹತ್ತಿದೆವು, ಸಂಜೆಯ ಹೊತ್ತಿಗೆ. ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಉಬ್ಬಿರುತ್ತದೆ, ಬೆಳಗ್ಗೆ ಸರಿಹೋದ ಬೂಟು ಓಡುವಾಗ ಬಿಗಿಯಾಗುತ್ತದೆ. ಹುಡುಗಿಯರ ಕಪಾಟು ಎಂದು ತೋರಿಸಿದ ಕಡೆ ಇದ್ದವು ತಿಳಿಗುಲಾಬಿ ಬಣ್ಣದ ಎಂಟು ಹತ್ತು ಜೊತೆ. ಎಲ್ಲದರ ಪೆಟ್ಟಿಗೆಯ ಮೇಲೂ 'ರನ್ನಿಂಗ್'. ಒಂದನ್ನು ಹಿಡಿದು ಅಂಗಡಿಯಾತ "ಮೆಮೊರಿ ಫೋಮ್ ಇದೆ ಮೇಡಂ, ಒತ್ತಿ ನೋಡಿ" ಎಂದ. ಒತ್ತಿದೆ. ಬೆರಳು ಇಳಿಯಿತು, ನಿಧಾನವಾಗಿ ಮೇಲೆ ಬಂತು. ಆದರೆ ಅದು ಒಳಗೆ ಹಾಸಿದ ತೆಳು ಹಾಳೆ ಮಾತ್ರ. ಅದನ್ನು ಎತ್ತಿ ಕೆಳಗಿನ ನಿಜವಾದ ತಳವನ್ನು ಪಕ್ಕದಿಂದ ಹೆಬ್ಬೆರಳಲ್ಲಿ ಒತ್ತಿದರೆ ಹಲಗೆ. ಹಾಸಿಗೆಯ ಮೇಲೆ ಮೆತ್ತನೆ ಹೊದಿಕೆ ಹೊದಿಸಿ ಕಲ್ಲನ್ನು ಮಾರುವ ವಿದ್ಯೆ ಇದು. ಇದಕ್ಕಿಂತ ಮೋಡದ ಉಪಮೆಯೇ ಪ್ರಾಮಾಣಿಕ.

ಬರಿಗಾಲಲ್ಲಿ ಬೆಳೆದ ಮಕ್ಕಳ ಕಾಲ್ಬೆರಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತದೆ. ಗುಲಾಬಿ ಬೂಟುಗಳ ಮುಂಭಾಗ ಎಲ್ಲವೂ ಮೊನೆ. ಹುಡುಗಿ ಒಂದೊಂದನ್ನೂ ಹಾಕಿ, ಏನೂ ಹೇಳದೆ ಬಿಚ್ಚಿಡುತ್ತಿದ್ದಳು. ಬಡವರ ಮಕ್ಕಳಿಗೆ ಕೊಡಿಸುವ ವಸ್ತುವನ್ನು "ಚೆನ್ನಾಗಿಲ್ಲ" ಎನ್ನುವ ಧೈರ್ಯ ಇರುವುದಿಲ್ಲ, ಆ ಧೈರ್ಯವನ್ನು ಮೊದಲು ಕೊಡಿಸಬೇಕು. ಬೂಟಿನ ವಿಜ್ಞಾನದಲ್ಲಿ ಬಹುಕಾಲ ದುಡಿದ ಕೆನಡಾದ ಬೆನ್ನೊ ನಿಗ್ ಕೂಡ 2015ರ ಹೊತ್ತಿಗೆ ಹೇಳಿದ್ದು ಕಾಲಿಗೆ ಯಾವುದು ಹಿತವೋ ಅದನ್ನೇ ಆರಿಸಿ ಎಂದು. "ಹುಡುಗರದ್ದು ನೋಡಲಾ ಮಿಸ್?" ಎಂದು ಕೊನೆಗೆ ಅವಳೇ ಕೇಳಿದಳು. ಹುಡುಗರ ಕಪಾಟಿನ ನಾಲ್ಕನೆಯ ನಂಬರು, ಬೂದು ಬಣ್ಣ, ಅಗಲ ಮೂತಿ, ಬೆರಳ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ. ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ಎರಡು ಸಲ ಓಡಿ ಬಂದು ಬಿಚ್ಚಲಿಲ್ಲ. 2,400 ರೂಪಾಯಿ.

ಯಾವ ಜಾಹೀರಾತೂ ಹೇಳದ ಒಂದು ಗುಣ ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ: ಎಷ್ಟು ಹೊತ್ತಿಗೆ ಒಣಗುತ್ತದೆ? ಜುಲೈನಲ್ಲಿ ಒದ್ದೆಯಾದ ಬೂಟು ಮೂರು ದಿನಕ್ಕೂ ಒಣಗದೆ ನಾರುತ್ತದೆ. ಹಾಗೆಂದು ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ, ಮೆತ್ತೆ ಗಡಸಾಗುತ್ತದೆ. ಒಳಹಾಳೆ ತೆಗೆದು, ಹಳೆಯ ಪೇಪರ್ ತುರುಕಿ, ಎರಡು ಸಲ ಬದಲಿಸಬೇಕು. ದಪ್ಪ ಬಟ್ಟೆಯದಕ್ಕಿಂತ ಬಲೆಬಟ್ಟೆಯದು ಮೇಲು. ಮಲ್ನಾಡ್ ಅಲ್ಟ್ರಾ ಓಟಕ್ಕೆಂದು ನಮ್ಮ ಜಿಲ್ಲೆಯ ತೋಟಗಳಿಗೆ ಬರುವ ಬೆಂಗಳೂರಿನವರ ಬೂಟಿನಡಿಯಲ್ಲಿ ಟ್ರಾಕ್ಟರ್ ಚಕ್ರದಂಥ ಹಲ್ಲುಗಳಿರುತ್ತವೆ. ಕೆಸರಿಗೆ ಅದು ಸರಿ, ದಿನನಿತ್ಯದ ಟಾರಿಗೆ ಬೇಡ.

ಸರ್ಕಾರದ ಬೂಟಿನ ಬಗ್ಗೆ ಹೇಳದಿದ್ದರೆ ತಪ್ಪಾದೀತು. 2015–16ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಕೊಡಲು ಆರಂಭಿಸಿದ್ದು ಒಳ್ಳೆಯ ಕೆಲಸ. ಪ್ರಾರ್ಥನೆಯ ಸಾಲಿನಲ್ಲಿ ಯಾರ ಮನೆಯಲ್ಲಿ ಏನಿದೆ ಎಂದು ಕಾಲು ಹೇಳುವುದು ನಿಂತಿತು. ಆದರೆ 2022–23ರಲ್ಲಿ 9 ಮತ್ತು 10ನೇ ತರಗತಿಯ ಒಬ್ಬ ಮಗುವಿಗೆ ಇಟ್ಟ ದರ ಕಾಲುಚೀಲವೂ ಸೇರಿ 325 ರೂಪಾಯಿ. ಆ ಹಣಕ್ಕೆ ಬರುವುದು ನಿಲ್ಲುವ ಶೂ, ಓಡುವ ಶೂ ಅಲ್ಲ. ಕ್ರೀಡಾಕೂಟದ ದಿನ ಮಕ್ಕಳು ಅದನ್ನು ಬಿಚ್ಚಿ ಗೆರೆಯ ಪಕ್ಕದಲ್ಲಿ ಜೋಡಿಸಿಟ್ಟು ಓಡುತ್ತಾರೆ. ಅದನ್ನು ಅಶಿಸ್ತು ಎಂದು ಬೈಯುವ ಅಧಿಕಾರಿಗಳನ್ನು ಕಂಡಿದ್ದೇನೆ. ನನ್ನ ಮಟ್ಟಿಗೆ ಅದು ಮಕ್ಕಳು ಬರೆದ ವಿಮರ್ಶೆ. ತಾಲ್ಲೂಕು ಮಟ್ಟಕ್ಕೆ ಹೋಗುವ ಬೆರಳೆಣಿಕೆಯ ಮಕ್ಕಳಿಗಾದರೂ ಇಲಾಖೆ ಬೇರೆ ಬೂಟು ಕೊಡಬಹುದು. ಸಿಬ್ಬಂದಿ ಕೋಣೆಯ ವಂತಿಗೆಯಿಂದ ನಡೆಯಬೇಕಾದ ಕೆಲಸ ಅಲ್ಲ ಅದು.

ಹುಡುಗಿ ಮೊದಲ ವಾರ ಬೂಟಿನಲ್ಲಿ ಓಡಿದ್ದು ದಿನಕ್ಕೆ ಒಂದೇ ಕಿಲೋಮೀಟರ್. ಬರಿಗಾಲಿನವರಿಗೆ ಬೂಟನ್ನೂ ರೂಢಿ ಮಾಡಿಸಬೇಕು. ಈಗ ವಾರಕ್ಕೆ ಎರಡು ದಿನ, ಮಳೆ ಬಿಟ್ಟರೆ, ಮೈದಾನದ ಹುಲ್ಲಿನ ಮೇಲೆ ಬರಿಗಾಲು, ಉಳಿದ ದಿನ ಬೂಟು, ಇದು ಪಿ.ಟಿ. ಮೇಷ್ಟ್ರಿಗೂ ನನಗೂ ಆದ ರಾಜಿ. ಮೂಳೆಯ ನೋವು ಮತ್ತೆ ಕಾಣಿಸಿಕೊಂಡಿಲ್ಲ. ಇಂಥ ಬೂಟಿನ ಮೆತ್ತೆ 500ರಿಂದ 800 ಕಿಲೋಮೀಟರಿಗೆ ಸೋಲುತ್ತದೆ ಎನ್ನುತ್ತಾರೆ. ಅವಳು ಸಮಾಜದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದಿನದ ಲೆಕ್ಕ ಬರೆದಿಡುತ್ತಾಳೆ. ನಿನ್ನೆಗೆ 212 ಆಗಿದೆ. ಬಲಗಾಲಿನ ಹೊರ ಅಂಚು ಸ್ವಲ್ಪ ಸವೆದಿದೆ.