ಯಂತ್ರ ಗುರುತಿಸಿದ್ದು ರೋಗವನ್ನೋ, ಆಸ್ಪತ್ರೆಯನ್ನೋ?

ಎದೆಯ ಎಕ್ಸ್-ಕಿರಣ ಚಿತ್ರ ನೋಡಿ ಗಣಕವು ವೈದ್ಯರಿಗಿಂತ ಚೆನ್ನಾಗಿ ನ್ಯುಮೋನಿಯ ಪತ್ತೆ ಮಾಡುತ್ತದೆ ಎಂಬ ಸುದ್ದಿಯನ್ನು ನೀವು ಓದಿರಬಹುದು. ಕೆಮ್ಮಿನ ಸದ್ದಿನಿಂದಲೇ ಕೋವಿಡ್ ಗುರುತಿಸುವ ತಂತ್ರಾಂಶದ ಸುದ್ದಿಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ಒಂದು ಚಿತ್ರ, ಇನ್ನೊಂದು ಶಬ್ದ. ಗಣಕಕ್ಕೆ ಮಾತ್ರ ಇವೆರಡೂ ಅಂಕಿಗಳ ಸಾಲುಗಳು. ಆ ಸಾಲುಗಳಿಂದ ಬೇಕಾದ ಮಾಹಿತಿಯನ್ನು ಹೆಕ್ಕಿ ತೆಗೆಯುವುದೇ ಸಂಜ್ಞಾ ಸಂಸ್ಕರಣೆ. ಈ ಎರಡೂ ಕಡೆ ನಡೆದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ಅದು ಗಣಿತದ ದೋಷವಲ್ಲ, ಪ್ರಯೋಗ ವಿನ್ಯಾಸದ ದೋಷ. ಆದ್ದರಿಂದಲೇ ವಿಜ್ಞಾನ ಕಲಿಸುವವರೂ ಕಲಿಯುವವರೂ ಅದನ್ನು ಗಮನಿಸಬೇಕು.

ಈ ತಂತ್ರಾಂಶಗಳಿಗೆ ಯಾರೂ ರೋಗಲಕ್ಷಣಗಳನ್ನು ಹೇಳಿಕೊಡುವುದಿಲ್ಲ. ‘ರೋಗವಿದೆ’, ‘ರೋಗವಿಲ್ಲ’ ಎಂದು ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ಕೊಟ್ಟರೆ, ಎರಡು ಗುಂಪುಗಳನ್ನು ಬೇರ್ಪಡಿಸುವ ಯಾವುದಾದರೂ ವ್ಯತ್ಯಾಸವನ್ನು ಅವು ತಾವೇ ಕಂಡುಕೊಳ್ಳುತ್ತವೆ. ಇಲ್ಲಿ ‘ಯಾವುದಾದರೂ’ ಎಂಬ ಪದ ಮುಖ್ಯ. ಆ ವ್ಯತ್ಯಾಸ ಶ್ವಾಸಕೋಶದಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಲ್ಲಿ 30,805 ರೋಗಿಗಳ 1,12,120 ಎದೆಚಿತ್ರಗಳನ್ನು ಸಂಶೋಧಕರಿಗೆ ಮುಕ್ತವಾಗಿ ಒದಗಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಈ ಚಿತ್ರಗಳಿಂದ 121 ಪದರಗಳ ಕೃತಕ ನರಜಾಲವೊಂದಕ್ಕೆ ತರಬೇತಿ ನೀಡಿ, ‘ಚೆಕ್ಸ್‌ನೆಟ್’ ಎಂದು ಹೆಸರಿಟ್ಟು, ಅದು ನ್ಯುಮೋನಿಯ ಪತ್ತೆಯಲ್ಲಿ ರೇಡಿಯಾಲಜಿ ತಜ್ಞರನ್ನು ಮೀರಿಸಿತೆಂದು ಪ್ರಕಟಿಸಿತು. ಪರೀಕ್ಷೆಗೆ ಬಳಸಿದ್ದು 420 ಚಿತ್ರಗಳು, ಹೋಲಿಕೆಗೆ ನಾಲ್ವರು ತಜ್ಞರು. ಪರಿಪೂರ್ಣ ಉತ್ತರಕ್ಕೆ 1 ಅಂಕ ಕೊಡುವ ಎಫ್1 ಎಂಬ ಅಳತೆಯಲ್ಲಿ ಯಂತ್ರಕ್ಕೆ 0.435, ತಜ್ಞರ ಸರಾಸರಿ 0.387. ಗೆದ್ದವರೂ ಅರ್ಧಕ್ಕಿಂತ ಕೆಳಗೇ ಇದ್ದಾರೆ ಎಂಬುದನ್ನು ಗಮನಿಸಿ. ಸರಿಯುತ್ತರ ಯಾವುದೆಂದು ತೀರ್ಮಾನಿಸಿದ್ದು ಪ್ರಯೋಗಾಲಯದ ಪರೀಕ್ಷೆಯಲ್ಲ, ಅದೇ ಚಿತ್ರ ನೋಡಿದ ತಜ್ಞರ ಅಭಿಪ್ರಾಯ. ಆ ತಜ್ಞರಿಗೆ ರೋಗಿಯ ಜ್ವರ, ಕೆಮ್ಮಿನ ಪೂರ್ವವೃತ್ತಾಂತವನ್ನೂ ಕೊಟ್ಟಿರಲಿಲ್ಲ. ವೈದ್ಯರು ನಿಜವಾಗಿ ಕೆಲಸ ಮಾಡುವ ರೀತಿ ಅದಲ್ಲ.

ಮರುವರ್ಷ, 2018ರಲ್ಲಿ, ಜಾನ್ ಜೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ಆಳಕ್ಕೆ ಹೋಯಿತು. ಅವರು ಮೇಲೆ ಹೇಳಿದ ಚಿತ್ರಗಳ ಜೊತೆಗೆ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಚಿತ್ರಗಳನ್ನೂ ಸೇರಿಸಿ ತರಬೇತಿ ನೀಡಿದರು. ಒಬ್ಬ ರೋಗಿ, ಒಬ್ಬ ನಿರೋಗಿ ಇಬ್ಬರ ಚಿತ್ರ ಕೊಟ್ಟಾಗ ರೋಗಿಗೆ ಹೆಚ್ಚು ಅಂಕ ಕೊಡುವ ಸಂಭವನೀಯತೆಯನ್ನು ಎಯುಸಿ ಎನ್ನುತ್ತಾರೆ. ನಾಣ್ಯ ಚಿಮ್ಮಿ ಹೇಳಿದರೆ ಅದು 0.5. ತರಬೇತಿ ಪಡೆದ ಆಸ್ಪತ್ರೆಗಳ ಹೊಸ ಚಿತ್ರಗಳಲ್ಲಿ ಯಂತ್ರದ ಎಯುಸಿ 0.931 ಇತ್ತು. ಎಂದೂ ನೋಡಿರದ ಇಂಡಿಯಾನಾದ ಚಿತ್ರಗಳಲ್ಲಿ ಅದು 0.815ಕ್ಕೆ ಇಳಿಯಿತು.

ಕಾರಣ ಸ್ವಾರಸ್ಯಕರ. ಮೌಂಟ್ ಸೈನಾಯ್ ಚಿತ್ರಗಳಲ್ಲಿ ನ್ಯುಮೋನಿಯದ ಪ್ರಮಾಣ 34.2%, ಇನ್ನೊಂದು ಸಂಗ್ರಹದಲ್ಲಿ ಕೇವಲ 1.2%. ಚಿತ್ರ ಯಾವ ಆಸ್ಪತ್ರೆಯದೆಂದು ತಿಳಿದರೆ ಸಾಕು, ಅರ್ಧ ಉತ್ತರ ಸಿಕ್ಕಂತೆ. ಶ್ವಾಸಕೋಶದತ್ತ ನೋಡದೆ, ಆಸ್ಪತ್ರೆಯನ್ನಷ್ಟೇ ಆಧರಿಸಿ ಊಹಿಸಿದರೂ ಎಯುಸಿ 0.861 ಬಂದಿತು! ಆಸ್ಪತ್ರೆಯನ್ನು ಗುರುತಿಸುವುದರಲ್ಲಿ ನರಜಾಲ 99.9%ಕ್ಕೂ ಹೆಚ್ಚು ನಿಖರವಾಗಿತ್ತು. ಎಡ-ಬಲ ತೋರಿಸಲು ತಂತ್ರಜ್ಞರು ಚಿತ್ರದ ಮೂಲೆಯಲ್ಲಿ ಇಡುವ ಲೋಹದ ಅಕ್ಷರವೂ ಅದಕ್ಕೆ ಸುಳಿವು.

ಭೌತಶಾಸ್ತ್ರವೂ ಇಂಥ ಸುಳಿವು ಕೊಡುತ್ತದೆ. ಎದ್ದು ನಿಲ್ಲಲಾಗದ ರೋಗಿಗೆ ಹಾಸಿಗೆಯಲ್ಲೇ, ಮುಂದಿನಿಂದ ಹಿಂದಕ್ಕೆ ಕಿರಣ ಹಾಯಿಸಿ ಚಿತ್ರ ತೆಗೆಯುತ್ತಾರೆ. ಎದೆಯ ಮುಂಭಾಗದಲ್ಲಿರುವ ಹೃದಯ ಆಗ ಫಲಕದಿಂದ ದೂರವಿರುತ್ತದೆ, ನೆರಳು ದೊಡ್ಡದಾಗುತ್ತದೆ. ‘ಈ ರೋಗಿ ಮಲಗಿದ್ದಾನೆ’ ಎಂಬುದನ್ನು ಯಂತ್ರ ‘ಈ ರೋಗಿಗೆ ಕಾಯಿಲೆ ಜೋರಾಗಿದೆ’ ಎಂದು ಕಲಿತರೆ ಆಶ್ಚರ್ಯವಿಲ್ಲ.

ಇದು ಬರೀ ಅಂಕಿಗಳ ಜಗಳವಲ್ಲ. ಶ್ವಾಸಕೋಶದ ಸುತ್ತ ಗಾಳಿ ಸೋರಿ ಅದು ಕುಗ್ಗುವ ಸ್ಥಿತಿಗೆ ನ್ಯುಮೋಥೊರಾಕ್ಸ್ ಎಂದು ಹೆಸರು. ಚಿಕಿತ್ಸೆಯಾಗಿ ಎದೆಗೆ ಕೊಳವೆ ಹಾಕಿ ಗಾಳಿ ಹೊರತೆಗೆಯುತ್ತಾರೆ. ಇದೇ ಅಮೆರಿಕದ ಸಂಗ್ರಹದಲ್ಲಿ ಈ ತೊಂದರೆಯಿದ್ದ ಸುಮಾರು 80% ಚಿತ್ರಗಳಲ್ಲಿ ಆಗಲೇ ಕೊಳವೆ ಇತ್ತೆಂದು ಲ್ಯೂಕ್ ಓಕ್ಡೆನ್-ರೇನರ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. ಕೊಳವೆ ಇದ್ದವರಲ್ಲಿ ಎಯುಸಿ 0.94, ಇಲ್ಲದವರಲ್ಲಿ 0.77. ಅಂದರೆ ಚಿಕಿತ್ಸೆ ಈಗಾಗಲೇ ಸಿಕ್ಕವರನ್ನು ಯಂತ್ರ ಚೆನ್ನಾಗಿ ಗುರುತಿಸುತ್ತದೆ. ತುರ್ತಾಗಿ ಚಿಕಿತ್ಸೆ ಬೇಕಾದವರಲ್ಲೇ ಎಡವುತ್ತದೆ.

ಕೋವಿಡ್ ಬಂದಾಗ ಈ ಪಾಠವನ್ನು ಯಾರೂ ನೆನಪಿಟ್ಟುಕೊಂಡಂತೆ ಕಾಣಲಿಲ್ಲ. 2020ರಲ್ಲಿ ಎದೆಚಿತ್ರಗಳಿಂದ ಕೋವಿಡ್ ಪತ್ತೆ ಮಾಡುವ ಬಗೆಗೆ ಬಂದ ಪ್ರಬಂಧಗಳನ್ನು ಕೇಂಬ್ರಿಡ್ಜ್ ಸಂಶೋಧಕರ ನೇತೃತ್ವದ ತಂಡ ಪರಿಶೀಲಿಸಿತು. ಸಿಕ್ಕ 2,212 ಪ್ರಬಂಧಗಳಲ್ಲಿ ಗುಣಮಟ್ಟದ ಜರಡಿ ದಾಟಿದ್ದು 62. ಅವುಗಳಲ್ಲಿ ಒಂದೂ ಚಿಕಿತ್ಸಾಲಯದ ಬಳಕೆಗೆ ಯೋಗ್ಯವಲ್ಲ ಎಂಬುದು 2021ರ ಅವರ ತೀರ್ಮಾನ. ಹಲವರು ಕೋವಿಡ್ ಗುಂಪಿಗೆ ವಯಸ್ಕರ ಚಿತ್ರಗಳನ್ನೂ, ಹೋಲಿಕೆಯ ಗುಂಪಿಗೆ ಚೀನಾದ ಗುವಾಂಗ್‌ಝೌದ 1ರಿಂದ 5 ವರ್ಷದ ಮಕ್ಕಳ ಚಿತ್ರಗಳನ್ನೂ ಬಳಸಿದ್ದರು. ಅಲ್ಲಿ ಯಂತ್ರ ಕಲಿಯಬಹುದಾದದ್ದು ಮಗುವಿಗೂ ದೊಡ್ಡವರಿಗೂ ಇರುವ ವ್ಯತ್ಯಾಸ!

ಶಬ್ದದ ಕಥೆಯೂ ಬೇರೆಯಲ್ಲ. ಕೆಮ್ಮಿನ ಧ್ವನಿಮುದ್ರಣದಿಂದ ಕೋವಿಡ್ ಸೋಂಕಿತರಲ್ಲಿ 98.5% ಮಂದಿಯನ್ನು ಪತ್ತೆ ಮಾಡಬಹುದೆಂದು ಅಮೆರಿಕದ ಎಂಐಟಿ ತಂಡ 2020ರಲ್ಲಿ ಹೇಳಿತ್ತು. ಬ್ರಿಟನ್ನಿನಲ್ಲಿ 67,842 ಜನರ ಧ್ವನಿಯನ್ನು ಅವರ ಕೋವಿಡ್ ಪರೀಕ್ಷೆಯ ಫಲಿತಾಂಶದೊಂದಿಗೆ ಸಂಗ್ರಹಿಸಿ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಮೊದಲು ಎಯುಸಿ 0.846 ಬಂದಿತು. ರೋಗಲಕ್ಷಣ ಮುಂತಾದವು ಎರಡೂ ಗುಂಪುಗಳಲ್ಲಿ ಸಮನಾಗುವಂತೆ ಹೊಂದಿಸಿದಾಗ ಅದು 0.619ಕ್ಕೆ ಕುಸಿಯಿತು. ‘ನಿಮಗೆ ಏನೇನು ತೊಂದರೆಯಿದೆ?’ ಎಂದು ಕೇಳಿ ತಿಳಿಯುವುದಕ್ಕಿಂತ ಹೆಚ್ಚಿನದನ್ನು ಯಂತ್ರ ಕೆಮ್ಮಿನಿಂದ ತಿಳಿಯಲಿಲ್ಲ.

ಹಾಗಾದರೆ ಇವೆಲ್ಲ ವ್ಯರ್ಥವೇ? ಅಲ್ಲ. ಢಾಕಾ ನಗರದ ಕ್ಷಯ ತಪಾಸಣಾ ಕೇಂದ್ರಗಳಿಗೆ ಬಂದ 23,954 ಜನರ ಚಿತ್ರಗಳ ಮೇಲೆ ಐದು ತಂತ್ರಾಂಶಗಳನ್ನು ಪರೀಕ್ಷಿಸಿದ ವರದಿ 2021ರಲ್ಲಿ ಬಂದಿತು. ಇವುಗಳಲ್ಲಿ ಮುಂಬಯಿಯ ಕಂಪನಿಯೊಂದರದೂ ಇತ್ತು. ಅಲ್ಲಿ ಸರಿಯುತ್ತರವನ್ನು ತೀರ್ಮಾನಿಸಿದ್ದು ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯವನ್ನೇ ಹುಡುಕುವ ಪರೀಕ್ಷೆ. ಐದೂ ತಂತ್ರಾಂಶಗಳು ಅಲ್ಲಿನ ರೇಡಿಯಾಲಜಿ ತಜ್ಞರಿಗಿಂತ ಮೇಲಾಗಿದ್ದವು. ವಯಸ್ಸಾದವರಲ್ಲಿ ಮತ್ತು ಹಿಂದೆ ಕ್ಷಯ ಬಂದಿದ್ದವರಲ್ಲಿ ಅವು ಹಿಂದೆ ಬಿದ್ದದ್ದನ್ನೂ ವರದಿ ಮುಚ್ಚಿಡಲಿಲ್ಲ. ಹದಿನೈದು ವರ್ಷ ಮೀರಿದವರ ಕ್ಷಯ ತಪಾಸಣೆಗೆ ಇಂಥ ತಂತ್ರಾಂಶವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಶಿಫಾರಸು ಮಾಡಿತು. ಯಂತ್ರದ ಜಾತಿ ಒಂದೇ. ಪರೀಕ್ಷಿಸಿದ ಕ್ರಮ ಮಾತ್ರ ಬೇರೆ.

ಇನ್ನು ಮುಂದೆ ‘95% ನಿಖರ’ ಎಂಬ ತಲೆಬರಹ ಕಂಡಾಗ ಮೂರು ಪ್ರಶ್ನೆ ಕೇಳಿ. ಸರಿಯುತ್ತರವನ್ನು ನಿರ್ಧರಿಸಿದವರು ಯಾರು? ರೋಗವಿದ್ದ ಗುಂಪಿಗೂ ಇಲ್ಲದ ಗುಂಪಿಗೂ ರೋಗದ ಹೊರತಾಗಿ ಬೇರೇನು ವ್ಯತ್ಯಾಸವಿತ್ತು? ಯಂತ್ರ ಎಂದೂ ಕಾಣದ ಊರಿನಲ್ಲಿ ಅದನ್ನು ಪರೀಕ್ಷಿಸಿದರೇ? ಲೋಲಕದ ಪ್ರಯೋಗದಲ್ಲಿ ಉದ್ದವನ್ನು ಬದಲಿಸುವಾಗ ಉಳಿದದ್ದನ್ನು ಸ್ಥಿರವಾಗಿಡಬೇಕೆಂದು ನಾವು ಪ್ರೌಢಶಾಲೆಯಲ್ಲೇ ಕಲಿಸುತ್ತೇವೆ. 121 ಪದರಗಳ ನರಜಾಲಕ್ಕೂ ಆ ನಿಯಮದಿಂದ ವಿನಾಯಿತಿ ಇಲ್ಲ.