ಪ್ರಗತಿ ಪತ್ರದ ತಪ್ಪನ್ನು ಯಾರು ತಿದ್ದಬೇಕು?

ಮಗುವಿನ ಪ್ರಗತಿ ಪತ್ರದಲ್ಲಿ ಮಾಸ್ತರರು ಬರೆದ ಷರಾದಲ್ಲೇ ಕಾಗುಣಿತದ ತಪ್ಪಿದ್ದರೆ ಪಾಲಕರು ಅದನ್ನು ತೋರಿಸಬೇಕೆ, ಸುಮ್ಮನೆ ಸಹಿ ಹಾಕಿ ಕಳಿಸಬೇಕೆ? ಮೇಲ್ನೋಟಕ್ಕೆ ಇದು ನಡವಳಿಕೆಯ ಪ್ರಶ್ನೆ. ತೋರಿಸಿದರೆ ಮಾಸ್ತರರಿಗೆ ಮುಜುಗರ, ತೋರಿಸದಿದ್ದರೆ ಮಗುವಿಗೆ ಅನ್ಯಾಯ ಎಂದು ಎರಡು ಪಕ್ಷ ಮಾಡಿ ಚರ್ಚೆ ಮುಗಿಸಬಹುದು. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಯ ಶಾಲೆಗಳನ್ನು ಮುಂದಿಟ್ಟುಕೊಂಡು ಕೇಳಿದರೆ ಪ್ರಶ್ನೆ ಇಷ್ಟಕ್ಕೇ ನಿಲ್ಲುವುದಿಲ್ಲ. ಯಾವುದನ್ನು ತಪ್ಪು ಎನ್ನುತ್ತೇವೆ, ಹಾಗೆನ್ನುವ ಧೈರ್ಯ ಯಾರಿಗಿದೆ, ತಿದ್ದದೆ ಬಿಟ್ಟರೆ ನಷ್ಟ ಯಾರಿಗೆ ಎಂಬುದನ್ನೂ ಕೇಳಬೇಕಾಗುತ್ತದೆ.

ಮೊದಲು ಪ್ರಗತಿ ಪತ್ರವನ್ನೇ ಒಂದು ಪಠ್ಯವಾಗಿ ಓದೋಣ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕಗಳು, ಶ್ರೇಣಿ, ಹಾಜರಾತಿ, ಒಂದು ಸಾಲಿನ ಷರಾ, ಅದರ ಕೆಳಗೆ ಪಾಲಕರ ಸಹಿ. ಇಷ್ಟರಲ್ಲಿ ಷರಾ ಒಂದೇ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಬರೆದ ವಾಕ್ಯ. ‘ಅಬ್ಯಾಸದಲ್ಲಿ ಪ್ರಗತಿ ಸಾದಿಸಬೇಕು’ ಎಂದು ಬರೆದಿದ್ದರೆ ಎರಡು ಮಹಾಪ್ರಾಣಗಳು ಬಿದ್ದುಹೋಗಿವೆ, ಅರ್ಥ ಬಿದ್ದಿಲ್ಲ. ಇದೇ ಮಾತನ್ನು ಅಕ್ಷರ ಲೋಪವಿಲ್ಲದೆ ಬರೆದು, ತರಗತಿಯ ಎಲ್ಲ ಮಕ್ಕಳ ಪತ್ರದಲ್ಲೂ ಅದನ್ನೇ ಹಾಕಿದ್ದರೆ? ಯಾವ ಮಗುವಿಗೂ ಸಲ್ಲದ ಆ ವಾಕ್ಯದಲ್ಲಿ ವ್ಯಾಕರಣ ಸರಿಯಿದೆ, ಮಗುವೇ ಇಲ್ಲ. ಕಾಗುಣಿತ ತಿಳಿದ ಪಾಲಕರ ಕಣ್ಣು ಮೊದಲನೆಯದಕ್ಕೆ ಥಟ್ಟನೆ ಹೋಗುತ್ತದೆ. ಎರಡನೆಯದನ್ನು ತಪ್ಪೆಂದು ಯಾರೂ ಎಣಿಸುವುದಿಲ್ಲ.

ಅಕ್ಷರದ ತಪ್ಪಿಗೆ ಬೆಲೆಯಿಲ್ಲ ಎನ್ನುತ್ತಿಲ್ಲ. ಅದರ ತೂಕ ಎಷ್ಟು ಎಂಬುದನ್ನು ಕನ್ನಡದ ಚರಿತ್ರೆಯಿಂದಲೂ ತಿಳಿಯಬಹುದು. ಮದುವೆಯ ಬ್ಯಾನರುಗಳಲ್ಲಿ ‘ಹಾರ್ಧಿಕ ಶುಭಾಷಯ’ ಎಂದು ಬರೆಯುವವರಿಗೆ ಮಹಾಪ್ರಾಣದ ಬಗ್ಗೆ ಅಸಡ್ಡೆ ಇಲ್ಲ, ಭಯವಿದೆ. ಎಲ್ಲಿ ಹಾಕಬೇಕೋ ತಿಳಿಯದೆ, ಹಾಕದಿದ್ದರೆ ನಕ್ಕಾರೆಂದು ಹಾಕಿದ ಹೊಟ್ಟೆ ಸೀಳು ಅದು. ನಾಲಿಗೆಯ ಮೇಲೆ ಇಲ್ಲದ ಸದ್ದನ್ನು ಕಣ್ಣಿನಿಂದಲೇ ನೆನಪಿಡಬೇಕಾದ ಈ ಕಷ್ಟವನ್ನು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಪುಸ್ತಕದಲ್ಲಿ ಎತ್ತಿಕೊಂಡು, ಮಹಾಪ್ರಾಣಗಳನ್ನೇ ಕೈಬಿಡೋಣ ಎಂದು ವಾದಿಸಿದರು. ಅವರ ಪರಿಹಾರವನ್ನು ಒಪ್ಪದವರೂ ಅವರು ಗುರುತಿಸಿದ ಕಷ್ಟವನ್ನು ಅಲ್ಲಗಳೆಯಲಾರರು.

ಇನ್ನೂ ಹಿಂದಕ್ಕೆ ಹೋದರೆ 13ನೇ ಶತಮಾನದ ಕೇಶಿರಾಜ ಸಿಗುತ್ತಾನೆ. ‘ಶಬ್ದಮಣಿದರ್ಪಣ’ದಲ್ಲಿ ಅವನು ಯಾವ ಪದಗಳಿಗೆ ೞ ಬರುತ್ತದೆಂದು ಪಟ್ಟಿ ಮಾಡಿಕೊಟ್ಟ. ಪಟ್ಟಿ ಬೇಕಾಯಿತು ಎಂದರೆ ಜನ ಆಗಲೇ ಅದನ್ನು ಮರೆಯುತ್ತಿದ್ದರು ಎಂದರ್ಥ. ಇಂದು ನಮ್ಮ ಮಗು ‘ಮಳೆ’ ಎಂದು ಸರಿಯಾಗಿ ಬರೆದರೂ ಕೇಶಿರಾಜನ ಲೆಕ್ಕದಲ್ಲಿ ತಪ್ಪೇ, ಅದು ‘ಮೞೆ’ ಆಗಬೇಕಿತ್ತು. ಅದೇ ಕೇಶಿರಾಜ ಸಂಸ್ಕೃತದ ಶ, ಷ ಕನ್ನಡದ ಬಾಯಲ್ಲಿ ಸ ಆಗುವುದನ್ನೂ ಮಹಾಪ್ರಾಣ ಅಲ್ಪಪ್ರಾಣವಾಗುವುದನ್ನೂ ಅಪಭ್ರಂಶ ಪ್ರಕರಣದಲ್ಲಿ ನಿಯಮಗಳಾಗಿ ಹೇಳಿದ. ಭಾಷೆ ಬಾಸೆಯಾಗುವ ದಾರಿಯಲ್ಲೇ ನಮ್ಮ ಕಡೆಯ ‘ಸಾಲಿ’ಯೂ ಬಂದಿದೆ. ವೈಯಾಕರಣ ನಿಯಮವೆಂದು ಕಂಡದ್ದನ್ನು ನಾವು ಕೆಂಪು ಶಾಯಿಯಲ್ಲಿ ಸುತ್ತುತ್ತೇವೆ.

ಅವನಿಗೂ ನಾಲ್ಕು ಶತಮಾನ ಮೊದಲು ‘ಕವಿರಾಜಮಾರ್ಗ’ ಇದೇ ಗೊಂದಲವನ್ನು ಎದುರಿಸಿತ್ತು. ದೇಸಿ ಊರೂರಿಗೂ ಬೇರೆಬೇರೆ ಆದ್ದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತು ಎಂದು ಆ ಗ್ರಂಥ ಹೇಳುತ್ತದೆ. ಸುಮ್ಮನೆ ಕೈಚೆಲ್ಲುವ ಮಾತಲ್ಲ ಇದು. ಆ ಗ್ರಂಥದ ತುಂಬ ದೋಷಗಳ ವಿವೇಚನೆಯೇ ಇದೆ. ದೋಷವನ್ನು ವಿವೇಚಿಸುತ್ತಲೇ ದೇಸಿಗೆ ಜಾಗ ಬಿಡುವ ಈ ನಿಲುವು ನಮಗೆ ಬೇಕಾದದ್ದು. ಅದು ತಿರುಳ್ಗನ್ನಡದ ನೆಲವೆಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಇಂದಿನ ಲಕ್ಷ್ಮೇಶ್ವರವಾದ ಆ ಊರು ಕುಂದಗೋಳಕ್ಕೆ ದೂರವಲ್ಲ. ಪಂಪನ ತಾಯಿಯ ಮನೆತನದ ಊರು ಅಣ್ಣಿಗೇರಿ. ಒಂದು ಕಾಲಕ್ಕೆ ಕನ್ನಡದ ತಿರುಳು ಎನಿಸಿಕೊಂಡ ಸೀಮೆಯ ಮಕ್ಕಳು ಇಂದು ‘ಶುದ್ಧ ಕನ್ನಡ’ ಬರುವುದಿಲ್ಲ ಎಂದು ಹಿಂಜರಿಯುತ್ತಾರೆ.

ಹಾಗಾಗಿ ಮಾಸ್ತರರು ‘ಹುಡುಗ ಚಲೋ ಓದತಾನ’ ಎಂದು ಷರಾ ಬರೆದರೆ ಅದನ್ನು ತಿದ್ದಬೇಕಾಗಿಲ್ಲ. ಬೇಂದ್ರೆಯವರು ಧಾರವಾಡದ ಮನೆಮಾತಿನಲ್ಲೇ ಕಾವ್ಯ ಕಟ್ಟಿದರು. ರಾವಬಹಾದ್ದೂರರ ‘ಗ್ರಾಮಾಯಣ’ ಉತ್ತರ ಕರ್ನಾಟಕದ ಹಳ್ಳಿಯ ಮಾತನ್ನು ಕಾದಂಬರಿಯೊಳಗೆ ತಂದಿತು. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಕರಡು ತಿದ್ದುವವರ ಕೈಗೆ ಕೊಟ್ಟು ‘ಸರಿ’ಮಾಡಿಸಿದ್ದರೆ ಏನು ಉಳಿಯುತ್ತಿತ್ತೆಂದು ಯೋಚಿಸಿ ನೋಡಿ. ಸಾಹಿತ್ಯದಲ್ಲಿ ಮೆಚ್ಚಿ ತಲೆದೂಗುವ ಮಾತನ್ನು ಶಾಲೆಯ ಕಾಗದದಲ್ಲಿ ನಾಚಿಕೆ ಎನ್ನುವುದು ನಮ್ಮ ಓದಿನ ಇಬ್ಬಂದಿತನ.

ಆದರೆ ಒಂದು ಬಗೆಯ ತಪ್ಪಿಗೆ ಈ ಯಾವ ಉದಾರತೆಯೂ ಸಲ್ಲದು. ಅದು ಹೆಸರಿನ ತಪ್ಪು. ‘ನೀಲವ್ವ’ ಎಂದು ಮನೆಯವರು ಇಟ್ಟ ಹೆಸರು ದಾಖಲೆಯಲ್ಲಿ ‘ನೀಲಮ್ಮ’ ಆದರೆ ಅದು ಕಾಗುಣಿತದ ಲೋಪವಲ್ಲ. ಅವ್ವ ಎಂಬುದಕ್ಕಿಂತ ಅಮ್ಮ ಎಂಬುದು ಶಿಷ್ಟವೆಂದು ಯಾರೋ ಮಾಡಿದ ‘ತಿದ್ದುಪಡಿ’. ಅಡ್ಡಹೆಸರಿನಲ್ಲಿ ಒಂದು ಒತ್ತಕ್ಷರ ಹೆಚ್ಚಾದರೂ ಕಡಿಮೆಯಾದರೂ ಆಧಾರಿನಲ್ಲೊಂದು, ಶಾಲೆಯಲ್ಲೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ಹೆಸರಾಗುತ್ತದೆ. ಅಲ್ಲಿಂದ ವಿದ್ಯಾರ್ಥಿವೇತನದ ಅರ್ಜಿ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗಿ ಕೂತ ಮೇಲಂತೂ ಅದನ್ನು ಬದಲಿಸಲು ಅಫಿಡವಿಟ್ಟು, ಕಚೇರಿಯ ಅಲೆದಾಟ, ಕೂಲಿ ಬಿಟ್ಟ ದಿನಗಳು. ನಾಲ್ಕನೆಯ ತರಗತಿಯಲ್ಲಿ ಒಂದು ನಿಮಿಷದಲ್ಲಿ ಸರಿಹೋಗುತ್ತಿದ್ದದ್ದು ಮುಂದೆ ವರ್ಷಗಟ್ಟಲೆ ಕಾಡುತ್ತದೆ. ಇದನ್ನು ತೋರಿಸದೆ ಸುಮ್ಮನಿರುವುದು ಸೌಜನ್ಯವಲ್ಲ.

ತೋರಿಸುವವರು ಯಾರು ಎಂಬಲ್ಲಿ ನಿಜವಾದ ತೊಡಕಿದೆ. ಕಾಗುಣಿತ ಹಿಡಿದು ಮಾತಾಡಬಲ್ಲ ಪಾಲಕರು ಬಹುಪಾಲು ತಮ್ಮ ಮಕ್ಕಳನ್ನು ತಾಲೂಕು ಕೇಂದ್ರದ ಇಂಗ್ಲಿಷ್ ಶಾಲೆಗೆ ಕಳಿಸಿಯಾಗಿದೆ. ಹಳ್ಳಿಯ ಸರಕಾರಿ ಶಾಲೆಯಲ್ಲಿ ಉಳಿದಿರುವವರಲ್ಲಿ ಹೆಚ್ಚಿನವರು ಸಣ್ಣ ರೈತರ, ಕೂಲಿಯವರ ಮಕ್ಕಳು. ಅನೇಕ ಮನೆಗಳಲ್ಲಿ ಅವ್ವನಿಗೆ ಪ್ರಗತಿ ಪತ್ರ ಓದಿ ಹೇಳುವವಳು ಅದೇ ಮಗಳು. ಕಾನೂನು ಪಾಲಕರಿಗೆ ಜಾಗ ಕೊಟ್ಟಿದೆ. ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕೆನ್ನುತ್ತದೆ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಮಕ್ಕಳ ಕಲಿಕೆಯನ್ನು ಊರಿನವರ ಮುಂದಿಡುವ ಏರ್ಪಾಡೂ ಇದೆ. ಆದರೆ ಕೂರಲು ಕುರ್ಚಿ ಸಿಕ್ಕ ಮಾತ್ರಕ್ಕೆ ‘ಸರ, ಇಲ್ಲೆ ಒಂದ ಅಕ್ಷರ ತಪ್ಪೇತ್ರಿ’ ಎನ್ನುವ ದನಿ ಬರುವುದಿಲ್ಲ. ಹೆಬ್ಬೆಟ್ಟು ಒತ್ತುವವರು ಡಿಗ್ರಿ ಪಡೆದವರ ತಪ್ಪು ತೋರಿಸುವುದು ನಮ್ಮ ಊರುಗಳ ಜಾತಿ, ಹೊಲ, ಓದುಗಳ ಶ್ರೇಣಿಯಲ್ಲಿ ಸುಲಭವಲ್ಲ.

ಆದರೂ ಕನ್ನಡದ ಪ್ರಗತಿ ಪತ್ರಕ್ಕೆ ಒಂದು ಗುಣವಿದೆ. ಅದರಲ್ಲಿ ತಪ್ಪು ಹುಡುಕಬಹುದು. ಅವ್ವನಿಗೆ ಬರದಿದ್ದರೆ ಅಕ್ಕನಿಗೆ ಬರುತ್ತದೆ, ಓಣಿಯ ಯಾರಿಗಾದರೂ ಬರುತ್ತದೆ. ಇಂಗ್ಲಿಷಿನಲ್ಲಿ ಬಂದ ಪತ್ರ ತಪ್ಪಿದ್ದರೂ ಸರಿಯಿದ್ದರೂ ಈ ಮನೆಗಳಿಗೆ ಒಂದೇ. ದುಡ್ಡು ಕೊಟ್ಟು ಮಗುವನ್ನು ಆ ಶಾಲೆಗೆ ಸೇರಿಸಿದ ತಂದೆ ಆ ಕಾಗದದ ಓದುಗನಾಗಿ ಉಳಿಯುವುದಿಲ್ಲ, ಸಹಿ ಹಾಕುವವನಷ್ಟೇ ಆಗುತ್ತಾನೆ. 2019ರಿಂದ ಸರಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದಿವೆ. ಅದರ ಒಳಿತು ಕೆಡುಕಿನ ಚರ್ಚೆಯಲ್ಲಿ ಪಾಲಕರು ಕಳೆದುಕೊಳ್ಳುವ ಈ ಹಕ್ಕಿನ ಮಾತು ಕೇಳಿದ್ದು ಕಡಿಮೆ.

ಓದುವವರು ತಪ್ಪು ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅನುವಾದದ ದೋಷದಿಂದ ಅರ್ಥವೇ ಆಗದಂತಿದ್ದವು. ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಕೂತು ಓದುವ, ಹಳ್ಳಿಯ ಕನ್ನಡ ಶಾಲೆಗಳಿಂದ ಬಂದ ಹುಡುಗ ಹುಡುಗಿಯರಿಗೆ ಅದರ ಪೆಟ್ಟು ಬಿದ್ದಿತು. ಅಭ್ಯರ್ಥಿಗಳು ಸುಮ್ಮನಿರಲಿಲ್ಲ, ಮರುಪರೀಕ್ಷೆ ನಡೆಸಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ತಪ್ಪುಗಳಿವೆ ಎಂಬ ದೂರು ಎದ್ದಿತು. ಸಣ್ಣ ಕಾಗದದ ತಪ್ಪನ್ನು ಪ್ರಶ್ನಿಸುವ ರೂಢಿಯಿಲ್ಲದ ಕಡೆ ದೊಡ್ಡ ಕಾಗದದಲ್ಲೂ ಕನ್ನಡವನ್ನು ಹೀಗೆ ಬೇಕಾಬಿಟ್ಟಿಯಾಗಿ ಬರೆಯುವ ಧೈರ್ಯ ಬರುತ್ತದೆ.

ಇಲ್ಲಿ ಮಾಸ್ತರರ ಪರವಾಗಿಯೂ ಹೇಳಬೇಕು. ಅಂಕಗಳನ್ನು ಆನ್‌ಲೈನಿನಲ್ಲಿ ತುಂಬುವವರು, ಬಿಸಿಯೂಟದ ಲೆಕ್ಕ ಇಡುವವರು, ಚುನಾವಣೆಗೆ ಹೋಗುವವರು, 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಇವರೇ. ಇಂಥವರ ಒಂದು ಷರಾದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹರಿಬಿಟ್ಟು ನಗುವುದು ತಿದ್ದುವುದಲ್ಲ. ಅದರಿಂದ ಅಕ್ಷರ ಸರಿಹೋಗುವುದಿಲ್ಲ, ಮುಂದಿನ ಸಲ ಮಾಸ್ತರರು ‘ಉತ್ತಮ’ ಎಂಬ ಒಂದೇ ಪದ ಬರೆದು ಕೈತೊಳೆದುಕೊಳ್ಳುತ್ತಾರೆ. ಪಾಲಕರ ಪಾಲಿಗೆ ಇದ್ದ ಒಂದು ವಾಕ್ಯವೂ ಹೋಗುತ್ತದೆ.

ಶಾಸನ ಸಂಪಾದಕರ ಪದ್ಧತಿ ಈ ವಿಷಯದಲ್ಲಿ ನೆನಪಾಗುತ್ತದೆ. ಕಲ್ಲಿನ ಮೇಲೆ ಲಿಪಿಕಾರ ತಪ್ಪು ಬರೆದಿದ್ದರೆ ಅವರು ಅದನ್ನು ಮುಚ್ಚುವುದಿಲ್ಲ, ಹಾಸ್ಯವನ್ನೂ ಮಾಡುವುದಿಲ್ಲ. ಇದ್ದದ್ದನ್ನು ಇದ್ದಂತೆ ಕೊಟ್ಟು, ಹೀಗೆ ಓದಿಕೊಳ್ಳಿ ಎಂದು ಕೆಳಗೆ ಸೂಚಿಸುತ್ತಾರೆ. ಕನ್ನಡದ ‘ತಿದ್ದು’ ಎಂಬ ಪದದಲ್ಲೂ ಇದೇ ವಿವೇಕವಿದೆ. ತಪ್ಪನ್ನು ಸರಿಮಾಡುವುದಕ್ಕೂ ಪಾಟಿಯ ಮೇಲೆ ಹಿರಿಯರು ಬರೆದ ಅಕ್ಷರದ ಮೇಲೆ ಮಗು ಮತ್ತೆಮತ್ತೆ ಬಳಪ ಆಡಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಅಕ್ಷರ ತಿದ್ದಿಸುವವರು ಕೈ ಹಿಡಿದಿರುತ್ತಾರೆ.

ಪಾಲಕರು ತಪ್ಪು ತೋರಿಸಬೇಕು. ಹೆಸರು, ಹುಟ್ಟಿದ ದಿನಾಂಕ, ಅಂಕ ತಪ್ಪಿದ್ದರೆ ಅದೇ ದಿನ ತೋರಿಸಬೇಕು. ಷರಾದ ಅಕ್ಷರ ತಪ್ಪಿದ್ದರೆ ಮಾಸ್ತರರೊಬ್ಬರೇ ಇದ್ದಾಗ ಹೇಳಿದರೆ ಸಾಕು. ಷರಾ ಮಗುವಿನ ಬಗ್ಗೆ ಏನೂ ಹೇಳದಿದ್ದರೆ ಅದನ್ನೂ ಕೇಳಬೇಕು. ಊರಿನ ಮಾತನ್ನು ಮಾತ್ರ ಬಿಟ್ಟುಬಿಡಬೇಕು. ಓದಿ ಹೇಳುವ ಮಗಳೇ ತಪ್ಪು ಕಂಡುಹಿಡಿದರೆ? ಅವಳ ಬಾಯಿ ಮುಚ್ಚಿಸದೆ ಶಾಲೆಗೆ ಕರೆದುಕೊಂಡು ಹೋಗಿ ಅವಳಿಂದಲೇ ಹೇಳಿಸುವುದು ಒಳ್ಳೆಯದು. ಅವಳ ಮಾತು ಕೇಳಿ ಪೆನ್ನು ತೆಗೆದು ಸರಿಮಾಡುವ ಮಾಸ್ತರರಿಗೆ ತಾವು ಕಲಿಸಿದ್ದು ಎಲ್ಲಿಗೆ ಮುಟ್ಟಿದೆ ಎಂಬುದು ಯಾವ ಶ್ರೇಣಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ.